ಉಗ್ರನೋ, ಹೋರಾಟಗಾರನೋ? ಬಂದೂಕು ಹಿಡಿದವರ ಹೆಸರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪಿಯು ಮತ್ತು ಪದವಿ ವಿದ್ಯಾರ್ಥಿಗಳು, ಕೆಪಿಎಸ್‌ಸಿ, ಪೊಲೀಸ್ ನೇಮಕಾತಿ ಪರೀಕ್ಷೆಗೆ ಓದುತ್ತಿರುವವರು ಇತಿಹಾಸ, ರಾಜ್ಯಶಾಸ್ತ್ರದ ಪಾಠದ ನಡುವೆ ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕು ಸಾಲು ಸಾಕು. ನನ್ನ ಅಭಿಪ್ರಾಯ ಇರುವ ಕಡೆ ಅದು ನನ್ನದೆಂದೇ ಹೇಳಿದ್ದೇನೆ.

ಬಂದೂಕು ಹಿಡಿದವನು ಬಂದೂಕು ಹಿಡಿದವನೇ. ಅವನನ್ನು ಏನಂತ ಕರೆದರೇನು?

ಕರೆಯುವ ಹೆಸರಿನ ಬೆನ್ನಿಗೇ ಕಾನೂನು ಬರುತ್ತದೆ. ‘ಸ್ವಾತಂತ್ರ್ಯ ಹೋರಾಟಗಾರ’ ಎಂದು ದಾಖಲೆ ಸೇರಿದವರಿಗೆ 1972ರಿಂದ ಕೇಂದ್ರ ಸರ್ಕಾರದ ಪಿಂಚಣಿ ಬಂತು. ‘ಭಯೋತ್ಪಾದಕ’ ಎಂದು ದಾಖಲೆ ಸೇರಿದವನಿಗೆ ಜಾಮೀನು ಸಿಗುವುದೇ ಕಷ್ಟ. ಒಬ್ಬನ ಹೆಸರು ಊರ ಬಾಗಿಲ ಕಮಾನಿನ ಮೇಲೆ ಬರುತ್ತದೆ, ಇನ್ನೊಬ್ಬನ ತಂಗಿಗೆ ಗಂಡು ಹುಡುಕಲು ಹೊರಟರೆ ಮಾತು ಅರ್ಧದಲ್ಲೇ ನಿಲ್ಲುತ್ತದೆ. ಸರ್ಕಾರ ಯಾರ ಜೊತೆ ಮಾತುಕತೆಗೆ ಕೂರಬಹುದು, ಯಾರ ಜೊತೆ ಕೂತರೆ ನಾಚಿಕೆಗೇಡು ಎಂಬುದೂ ಈ ಹೆಸರಿನಿಂದಲೇ ತೀರ್ಮಾನವಾಗುತ್ತದೆ.

ಈ ಪುಟದ ಉದ್ದಕ್ಕೂ ನಾನು ಹೇಳುವುದು ಇಷ್ಟೇ: ಹೆಸರು ನೋಡಿದರೆ ಕರೆಯುವವನು ಎಲ್ಲಿ ನಿಂತಿದ್ದಾನೆ ಅನ್ನುವುದು ತಿಳಿಯುತ್ತದೆ. ಕರೆಸಿಕೊಂಡವನು ಏನು ಮಾಡಿದ, ಯಾರ ಮೇಲೆ ಕೈಮಾಡಿದ ಅನ್ನುವುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಬಾರದು.

ಹತ್ತನೇ ತರಗತಿ ಪುಸ್ತಕದಲ್ಲಿ ಧೋಂಡಿಯ ವಾಘ್ ಬ್ರಿಟಿಷರ ವಿರುದ್ಧ ಹೋರಾಡಿದವನು. ಹಳೇ ಇಂಗ್ಲಿಷ್ ದಾಖಲೆಗಳಲ್ಲಿ ದರೋಡೆಕೋರ. ಯಾವುದು ನಿಜ?

ಧೋಂಡಿಯ ಚನ್ನಗಿರಿಯವನು. ಹೈದರನ ಸೈನ್ಯದಲ್ಲಿ ಸವಾರನಾಗಿದ್ದ. ಮುಂದೆ ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿಟ್ಟ. 1799ರ ಮೇ 4ರಂದು ಕೋಟೆ ಬಿದ್ದಾಗ ಸೆರೆಯಿಂದ ಹೊರಬಿದ್ದವನು, ಕೆಲಸ ಕಳೆದುಕೊಂಡಿದ್ದ ಟಿಪ್ಪುವಿನ ಸೈನಿಕರನ್ನು ಕೂಡಿಸಿಕೊಂಡು ಶಿವಮೊಗ್ಗ, ಬಿದನೂರು ಕಡೆಯ ಕೋಟೆಗಳನ್ನು ಹಿಡಿದ. ತನ್ನನ್ನು ‘ಉಭಯ ಲೋಕಾಧೀಶ್ವರ’ ಎಂದು ಕರೆದುಕೊಂಡ. ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನನ್ನು ಕೊಂದ.

ಕಂಪನಿಗೆ ಅವನು ಲೂಟಿಕೋರನಾಗಲೇಬೇಕಿತ್ತು. ರಾಜನೆಂದು ಒಪ್ಪಿಕೊಂಡರೆ ಒಪ್ಪಂದ ಮಾಡಿಕೊಳ್ಳಬೇಕು, ಸೆರೆಸಿಕ್ಕವರನ್ನು ಯುದ್ಧಕೈದಿಗಳೆಂದು ನೋಡಬೇಕು. ಲೂಟಿಕೋರನೆಂದರೆ ಸಿಕ್ಕ ಮರಕ್ಕೆ ನೇಣು ಹಾಕಬಹುದು. ಅವನ ಕಡೆಯವರು ಊರುಗಳನ್ನು ದೋಚಿದ್ದೂ ಸುಳ್ಳಲ್ಲ, ಆದರೆ ಆ ಕಾಲದ ಸೈನ್ಯಗಳಲ್ಲಿ ದೋಚದಿದ್ದದ್ದು ಯಾವುದು? ಕಂಪನಿಯ ಸೈನ್ಯ ಶ್ರೀರಂಗಪಟ್ಟಣದಲ್ಲಿ ಮಾಡಿದ ಲೂಟಿ ಇತಿಹಾಸ ಪ್ರಸಿದ್ಧ.

ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನ್ ಯುದ್ಧಭೂಮಿಯ ಸಾಮಾನು ಸರಂಜಾಮಿನ ನಡುವೆ ಸಿಕ್ಕ. ವೆಲ್ಲೆಸ್ಲಿ ಆ ಹುಡುಗನನ್ನು ತನ್ನ ಡೇರೆಗೆ ಕರೆಸಿ ಸಾಕಿದ, ಇಂಡಿಯಾ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಹಣವಿಟ್ಟು ಹೋದ. ಕಾಗದದ ಮೇಲೆ ಲೂಟಿಕೋರ ಎಂದು ಬರೆದ ಮನುಷ್ಯನೇ ಆ ಲೂಟಿಕೋರನ ಮಗನಿಗೆ ಅಪ್ಪನ ಜಾಗದಲ್ಲಿ ನಿಂತ. ಕಾಗದದ ಮೇಲಿನ ಪದ ಸರ್ಕಾರಕ್ಕೆ ಬೇಕಾದ ಪದವಾಗಿತ್ತು.

ನಮ್ಮ ಕಡೆಯ ಪಾಳೇಗಾರರು ಇದರಲ್ಲಿ ಎಲ್ಲಿ ಬರುತ್ತಾರೆ?

ಮಧುಗಿರಿ, ನಿಡಗಲ್ಲು, ಪಾವಗಡ, ಚಿಕ್ಕಬಳ್ಳಾಪುರ, ಗುಡಿಬಂಡೆ. ಬೆಟ್ಟ ಕಂಡಲ್ಲೆಲ್ಲ ಒಂದು ಕೋಟೆ, ಕೋಟೆಗೊಬ್ಬ ಪಾಳೇಗಾರ. ಇವತ್ತಿನ ಪತ್ರಿಕೆಯಲ್ಲಿ ‘ಪಾಳೇಗಾರಿ ಧೋರಣೆ’ ಎಂದರೆ ಬೈಗುಳ. ಅದೇ ಊರಿನ ಕೋಟೆ ಹತ್ತುವಾಗ ಪಾಳೇಗಾರ ನಮ್ಮ ಹೆಮ್ಮೆ. ಗುಡಿಬಂಡೆಯ ಭೈರೇಗೌಡನನ್ನು ಬಡವರ ಪರ ನಿಂತವನೆಂದೇ ಜನ ನೆನೆಯುತ್ತಾರೆ. ಗಡಿಯಾಚೆ, ಕಂಪನಿಯ ಅಧಿಕಾರಿ ಮನ್ರೋ ಕಲೆಕ್ಟರಾಗಿದ್ದ ಕಾಲದಲ್ಲಿ ಅನಂತಪುರ, ಬಳ್ಳಾರಿ, ಕಡಪದ ಪಾಳೇಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿದರು. 1847ರಲ್ಲಿ ಕೋಯಿಲಕುಂಟ್ಲದಲ್ಲಿ ನೇಣಿಗೇರಿದ ಉಯ್ಯಾಲವಾಡ ನರಸಿಂಹ ರೆಡ್ಡಿ ಬ್ರಿಟಿಷರಿಗೆ ದಂಗೆಕೋರ, ಇವತ್ತು ರಾಯಲಸೀಮೆಯಲ್ಲಿ ಸ್ವಾತಂತ್ರ್ಯವೀರ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ತೆಲುಗು ಮಾತಾಡುವ ಮನೆಗಳ ಹುಡುಗರಿಗೆ ಈ ಹೆಸರನ್ನು ನಾನು ಹೇಳಿಕೊಡಬೇಕಾಗಿಲ್ಲ.

1857ಕ್ಕೆ ಪರೀಕ್ಷೆಯಲ್ಲಿ ‘ಸಿಪಾಯಿ ದಂಗೆ’ ಬರೆಯಬೇಕೋ, ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಬರೆಯಬೇಕೋ?

ಅಂಕ ಬೇಕಿದ್ದರೆ ಪುಸ್ತಕದಲ್ಲಿರುವಂತೆ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ ಬರೆಯಿರಿ. ಇತಿಹಾಸ ತಿಳಿಯಬೇಕಿದ್ದರೆ ಎರಡೂ ಹೆಸರಿನ ಹಿಂದೆ ಯಾರಿದ್ದರು ನೋಡಿ. ‘ದಂಗೆ’ ಎಂದರೆ ಸಂಬಳ ತಿನ್ನುವ ಸೈನಿಕ ಯಜಮಾನನ ಮೇಲೆ ತಿರುಗಿಬಿದ್ದ ಎಂದರ್ಥ, ಅಂದರೆ ಯಜಮಾನಿಕೆ ನ್ಯಾಯವಾದದ್ದು ಎಂದು ಮೊದಲೇ ಒಪ್ಪಿಕೊಂಡ ಹಾಗೆ. ಸಾವರ್ಕರ್ 1909ರಲ್ಲಿ ಅದನ್ನು ಸ್ವಾತಂತ್ರ್ಯ ಸಮರ ಎಂದು ಬರೆದಾಗ ಆ ಒಪ್ಪಿಗೆಯನ್ನೇ ಕಿತ್ತುಹಾಕಿದರು. ಆಗ ಬ್ರಿಟಿಷ್ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು.

ಕನ್ನಡನಾಡಿನಲ್ಲಿ ಹಲಗಲಿಯ ಬೇಡರು ತಿರುಗಿಬಿದ್ದದ್ದು ಆಯುಧ ಒಪ್ಪಿಸಬೇಕೆಂಬ ಕಾನೂನಿಗೆ. ದೇಶದ ಸ್ವಾತಂತ್ರ್ಯ ಎಂಬ ಮಾತು ಅವರ ಬಾಯಲ್ಲಿ ಇತ್ತೋ ಇಲ್ಲವೋ, ಬದುಕಿಗೆ ಆಧಾರವಾದ ಆಯುಧವನ್ನು ಕಿತ್ತುಕೊಳ್ಳಲು ಬಂದವರನ್ನು ಎದುರಿಸಿದರು ಎಂಬುದು ಖಂಡಿತ. ದೊಡ್ಡ ಹೆಸರು ಕೊಡುವ ಆತುರದಲ್ಲಿ ಇಂಥ ಸ್ಪಷ್ಟ ಕಾರಣ ಮರೆಯಾಗಬಾರದು ಎಂಬುದು ನನ್ನ ಕಳಕಳಿ.

ವಿದುರಾಶ್ವತ್ಥದಲ್ಲಿ ಯಾರ ಕೈಯಲ್ಲೂ ಬಂದೂಕು ಇರಲಿಲ್ಲವಲ್ಲ. ಅದನ್ನು ಈ ಪಾಠದಲ್ಲಿ ಯಾಕೆ ತರುತ್ತೀರಿ?

ಬಂದೂಕು ಇಲ್ಲದವರಿಗೂ ಬಂದೂಕಿಗೆ ತಕ್ಕ ಹೆಸರು ಅಂಟಿಸಬಹುದು ಎಂದು ಅಲ್ಲಿ ಕಾಣುತ್ತದೆ. ಅದಕ್ಕೇ ತರುತ್ತೇನೆ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಕಾಂಗ್ರೆಸ್ ಬಾವುಟ ಹಾರಿಸಿದ್ದರು. ಅದರ ಬಿಸಿ ಆರುವ ಮೊದಲೇ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಜಾತ್ರೆಯಲ್ಲೂ ಬಾವುಟ ಹಾರಿಸಲು ಜನ ಹೊರಟರು. ಸರ್ಕಾರ ನಿಷೇಧಾಜ್ಞೆ ಹಾಕಿತು. ಏಪ್ರಿಲ್ 25ರಂದು ತೋಪಿನಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ಈ ಸೀಮೆಯ ನೆನಪು. ಅಂದಿನ ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆಗ ಈ ಊರು ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ.

ಗುಂಡು ಹಾರಿಸಲು ಆಜ್ಞೆ ಕೊಟ್ಟವರ ಕಡೆಯ ಮಾತಿನಲ್ಲಿ ಅದು ಕಾನೂನುಬಾಹಿರ ಗುಂಪು. ಸತ್ತವರ ಕಡೆಯವರಿಗೆ ಅವರು ಜಾತ್ರೆಗೆ ಬಂದಿದ್ದ ಮಕ್ಕಳು, ಗಂಡಂದಿರು, ಬಾವುಟ ನೋಡಲು ನಿಂತವರು. ಕಾಂಗ್ರೆಸ್ಸಿನ ಸರ್ದಾರ್ ಪಟೇಲರು ಮತ್ತು ಕೃಪಲಾನಿ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದ ಮೇಲೆ, ಮೈಸೂರು ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಅಲ್ಲಿಗೆ, ಏಪ್ರಿಲ್‌ನಲ್ಲಿ ಅಪರಾಧವಾಗಿದ್ದ ಕೆಲಸ ಕೆಲವೇ ದಿನಗಳಲ್ಲಿ ಅಪರಾಧವಲ್ಲ ಎಂದು ಸರ್ಕಾರವೇ ಒಪ್ಪಿತು. ಸತ್ತವರಂತೂ ತಿರುಗಿ ಬರಲಿಲ್ಲ.

ನೋಡದವರು ಒಮ್ಮೆ ಹೋಗಿ ಬನ್ನಿ. ಉತ್ತರ ಪಿನಾಕಿನಿಯ ದಡ, ನೀರಿಗಿಂತ ಮರಳೇ ಹೆಚ್ಚು. ಹಳೆಯ ಅಶ್ವತ್ಥ ಮರ 2001ರಲ್ಲಿ ಬಿತ್ತು. ಅದರ ಸುತ್ತ ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು ಸಾವಿರಾರು, ಒಂದರ ಭುಜಕ್ಕೆ ಒಂದು ಒರಗಿ ನಿಂತಿವೆ, ಅರಿಶಿನ ಕುಂಕುಮ ಮೆತ್ತಿ ಹೆಡೆಯ ಗೆರೆಗಳೇ ಮುಚ್ಚಿಹೋಗಿವೆ. ಹರಕೆ ತೀರಿಸಲು ಬಂದ ಹೆಂಗಸರು ಅಲ್ಲಿಂದ ಸ್ವಲ್ಪ ನಡೆದರೆ ಹುತಾತ್ಮರ ಸ್ಮಾರಕ, ವೀರಸೌಧ. ಆ ಎರಡು ಜಾಗಗಳ ನಡುವಿನ ದೂರ ಬಹಳ ಕಡಿಮೆ. ಗುಂಡು ಬಿದ್ದ ದಿನವೂ ಪೂಜೆಗೆ ಬಂದವರು ಯಾರು, ಚಳವಳಿಗೆ ಬಂದವರು ಯಾರು ಎಂದು ಗೆರೆ ಎಳೆಯಲು ಆಗುತ್ತಿರಲಿಲ್ಲ. ‘ಗುಂಪು’ ಎಂಬ ಒಂದೇ ಪದ ಅವರೆಲ್ಲರನ್ನೂ ಒಟ್ಟಿಗೆ ನುಂಗಿತು.

ಸ್ವಾತಂತ್ರ್ಯ ಚಳವಳಿಯಲ್ಲೂ ಅಧಿಕಾರಿಗಳನ್ನು ಕೊಂದಿದ್ದಾರೆ. ಅದನ್ನು ಯಾರೂ ಮಾತಾಡುವುದಿಲ್ಲ ಯಾಕೆ?

ಶಿಕಾರಿಪುರ ತಾಲ್ಲೂಕಿನ ಈಸೂರಿನ ವಿಷಯ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. 1942ರಲ್ಲಿ ಊರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು, ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿ ಎಂದು ನೇಮಿಸಿಕೊಂಡಿತು. ಸರ್ಕಾರದ ಕಡೆಯವರು ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರರೂ ಒಬ್ಬ ಸಬ್‌ಇನ್‌ಸ್ಪೆಕ್ಟರೂ ಸತ್ತರು. 1943ರ ಮಾರ್ಚಿನಲ್ಲಿ ಐದು ಜನರಿಗೆ ನೇಣಾಯಿತು: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. ಕೋರ್ಟಿನ ಕಡತದಲ್ಲಿ ಅವರು ಕೊಲೆಗಾರರು. ನಾಲ್ಕೇ ವರ್ಷದಲ್ಲಿ ಹುತಾತ್ಮರು. ಕಡತದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ದೇಶ ಬದಲಾಗಿತ್ತು.

‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತನ್ನು ನಾನೂ ಹೆಮ್ಮೆಯಿಂದಲೇ ಪಾಠ ಮಾಡುತ್ತೇನೆ. ಆ ಐದು ಜನರನ್ನು ಹುತಾತ್ಮರೆಂದೇ ಕರೆಯುತ್ತೇನೆ. ಆದರೆ ಅಂದು ಸತ್ತ ಇಬ್ಬರೂ ಮೈಸೂರು ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಿದ್ದ ಕನ್ನಡಿಗರು. ಅವರ ಹೆಸರು ನಮ್ಮ ಮಕ್ಕಳ ಬಾಯಲ್ಲಿ ಇಲ್ಲ. ಹುತಾತ್ಮರ ಗೌರವಕ್ಕೆ ಕುಂದು ತಾರದೆ ಈ ಸಾವುಗಳನ್ನೂ ಹೇಳಬಹುದು, ಹೇಳಬೇಕು.

ಪಾವಗಡದಲ್ಲಿ ಪೊಲೀಸರನ್ನು ಕೊಂದವರನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಾರೆ. ನಕ್ಸಲೀಯ, ಮಾವೋವಾದಿ, ಎಡಪಂಥೀಯ ಉಗ್ರ ಎಲ್ಲ ಒಂದೇನಾ?

ಮಂದಿ ಒಂದೇ, ಕರೆಯುವವರು ಬೇರೆ ಬೇರೆ.

2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಾವೋವಾದಿ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದರು. ನಾಲ್ಕು ದಿನ ಕಳೆದು ಫೆಬ್ರವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯ ಕಟ್ಟಡದಲ್ಲಿ ತಂಗಿದ್ದ ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ಸಿಬ್ಬಂದಿಯ ಮೇಲೆ ದಾಳಿಯಾಯಿತು. ಪೊಲೀಸರು ಸತ್ತರು, ಅವರ ಜೊತೆ ಒಬ್ಬ ನಾಗರಿಕನೂ ಸತ್ತ. ತುಮಕೂರು ಜಿಲ್ಲೆ ಮಲೆನಾಡೂ ಅಲ್ಲ, ಅಲ್ಲಿ ದಟ್ಟ ಕಾಡೂ ಇಲ್ಲ. ಆದರೆ ಪಾವಗಡದ ಸುತ್ತ ಬಹುಪಾಲು ಆಂಧ್ರದ ನೆಲ. ಅನಂತಪುರದ ಕಡೆಯಿಂದ ಪೀಪಲ್ಸ್ ವಾರ್ ಎಂಬ ನಕ್ಸಲ್ ಗುಂಪಿನ ಓಡಾಟ ಇಲ್ಲಿಗೆ ಹೊಸದಾಗಿರಲಿಲ್ಲ.

ಈಗ ಹೆಸರುಗಳಿಗೆ ಬನ್ನಿ. ‘ನಕ್ಸಲೀಯ’ ಬಂದದ್ದು 1967ರಲ್ಲಿ ರೈತರ ಬಂಡಾಯ ನಡೆದ ಬಂಗಾಳದ ನಕ್ಸಲ್‌ಬಾರಿ ಊರಿನಿಂದ. ‘ಮಾವೋವಾದಿ’ ಎಂಬುದು ಅವರೇ ಇಟ್ಟುಕೊಂಡ ಹೆಸರು. 2004ರ ಸೆಪ್ಟೆಂಬರಿನಲ್ಲಿ ಪೀಪಲ್ಸ್ ವಾರ್ ಮತ್ತು ಎಂಸಿಸಿ ಎಂಬ ಇನ್ನೊಂದು ಗುಂಪು ಕೂಡಿ ಸಿಪಿಐ ಮಾವೋವಾದಿ ಪಕ್ಷವಾಯಿತು. ‘ಎಡಪಂಥೀಯ ಉಗ್ರವಾದ’ ಕೇಂದ್ರ ಗೃಹ ಸಚಿವಾಲಯದ ಪದ. 2009ರ ಜೂನಿನಲ್ಲಿ ಕೇಂದ್ರ ಸರ್ಕಾರ ಆ ಪಕ್ಷವನ್ನು ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು. ಗಡಿಯಾಚೆಯ ತೆಲುಗು ಹಳ್ಳಿಗಳಲ್ಲಿ ‘ಅನ್ನಲು’ ಎನ್ನುತ್ತಿದ್ದರು, ಅಣ್ಣಂದಿರು ಎಂದರ್ಥ. ಹಾಗೆ ಕರೆದವರೆಲ್ಲ ಪ್ರೀತಿಯಿಂದ ಕರೆದರು ಎಂದು ತಿಳಿಯಬೇಡಿ. ರಾತ್ರಿ ಬಂದು ಅನ್ನ ಕೇಳುವ, ಹೆಗಲಲ್ಲಿ ಬಂದೂಕು ಇರುವವನನ್ನು ಅಣ್ಣ ಎನ್ನದೆ ಇನ್ನೇನು ಅನ್ನುವುದು? ಬೆಳಗ್ಗೆ ಪೊಲೀಸರು ಬಂದು ವಿಚಾರಿಸಿದರೆ ಅದೇ ಬಾಯಲ್ಲಿ ‘ನಕ್ಸಲರು ಸ್ವಾಮಿ’ ಎಂಬ ಮಾತು ಬರುತ್ತದೆ. ಎರಡು ಬಂದೂಕಿನ ನಡುವೆ ಬದುಕುವವರ ಪದಗಳನ್ನು ಅವರ ಸಿದ್ಧಾಂತ ಎಂದು ಓದುವುದು ದೊಡ್ಡ ತಪ್ಪು.

ವೆಂಕಟಮ್ಮನಹಳ್ಳಿಯಲ್ಲಿ ಸತ್ತ ಪೊಲೀಸರು ಊರು ಬಿಟ್ಟು ಡ್ಯೂಟಿಗೆ ಬಂದಿದ್ದ ಸಾಮಾನ್ಯ ಮನೆಗಳ ಗಂಡಸರು. ದಾಳಿಕೋರರ ಮಾತಿನಲ್ಲಿ ಅವರು ‘ಪ್ರಭುತ್ವದ ಪಡೆ’. ಈ ಪದವೂ ಅಷ್ಟೇ ಕ್ರೂರ. ಮನುಷ್ಯರನ್ನು ಒಂದು ಯಂತ್ರದ ಭಾಗ ಮಾಡಿ, ಆಮೇಲೆ ಕೊಲ್ಲುತ್ತದೆ. ಹೆಸರಿಡುವ ಅನ್ಯಾಯ ಸರ್ಕಾರದ ಕಡೆ ಮಾತ್ರ ಇದೆ ಎಂದು ಯಾರೂ ಭ್ರಮಿಸಬಾರದು.

ಹಾಗಾದರೆ ಎಲ್ಲವೂ ಅವರವರ ದೃಷ್ಟಿ ಅಂತೀರಾ? ಭಯೋತ್ಪಾದನೆ ಅನ್ನುವುದೇ ಇಲ್ಲವೇ?

ಇದೆ. ಸಂತೆಯಲ್ಲಿ, ರೈಲಿನಲ್ಲಿ, ಹೋಟೆಲಿನಲ್ಲಿ ಇರುವ ನಿರಾಯುಧರನ್ನು, ಬೇರೆ ಯಾರನ್ನೋ ಹೆದರಿಸಲೆಂದು ಬೇಕೆಂದೇ ಕೊಲ್ಲುವುದು ಭಯೋತ್ಪಾದನೆ. ಅದನ್ನು ಯಾವ ಉದ್ದೇಶಕ್ಕೆ ಮಾಡಿದರೂ, ಯಾವ ಬಾವುಟದ ಕೆಳಗೆ ಮಾಡಿದರೂ ಅದೇ. 2008ರ ನವೆಂಬರಿನಲ್ಲಿ ಮುಂಬೈ ಸಿಎಸ್‌ಟಿ ನಿಲ್ದಾಣದಲ್ಲಿ ಊರಿಗೆ ಹೊರಟು ಗಂಟುಮೂಟೆ ಇಟ್ಟುಕೊಂಡು ಕೂತವರ ಮೇಲೆ ಗುಂಡು ಹಾರಿಸಿದವರಿಗೆ ಬೇರೆ ಹೆಸರು ಹುಡುಕುವ ಅಗತ್ಯವೇ ಇಲ್ಲ.

ತೊಡಕು ಬರುವುದು ಈ ಪದವನ್ನು ಕೃತ್ಯಕ್ಕೆ ಅಂಟಿಸುವ ಬದಲು ಮನುಷ್ಯರಿಗೆ, ಪಂಗಡಕ್ಕೆ, ಭಾಷೆಗೆ, ಧರ್ಮಕ್ಕೆ ಅಂಟಿಸಿದಾಗ. ಕೃತ್ಯಕ್ಕೆ ಅಂಟಿದರೆ ಪುರಾವೆ ಕೇಳಬಹುದು. ಮನುಷ್ಯನಿಗೆ ಅಂಟಿದರೆ ಅವನು ನಾಳೆ ಏನು ಮಾಡಿದರೂ ಅಂಟಿದ್ದು ಅಂಟಿದ್ದೇ. ಸೈನ್ಯದ ಚೌಕಿಯ ಮೇಲಿನ ದಾಳಿಗೂ ಬಸ್ಸಿನಲ್ಲಿ ಇಟ್ಟ ಬಾಂಬಿಗೂ ಒಂದೇ ಪದ ಬಳಸುವ ಸರ್ಕಾರಗಳು ಬಂಡಾಯಗಾರರಿಗೆ ಆ ಎರಡರ ನಡುವಿನ ವ್ಯತ್ಯಾಸ ಉಳಿಸಿಕೊಳ್ಳಲು ಕಾರಣವನ್ನೇ ಕೊಡುವುದಿಲ್ಲ.

ಭಗತ್ ಸಿಂಗ್ ಅವರನ್ನು ‘ಕ್ರಾಂತಿಕಾರಿ ಭಯೋತ್ಪಾದಕ’ ಎಂದು ಬರೆದ ಇತಿಹಾಸಕಾರರ ಮೇಲೆ ಯಾಕೆ ಅಷ್ಟು ಗಲಾಟೆ ಆಯಿತು?

2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಓದಿಗಿದ್ದ ಪುಸ್ತಕವೊಂದರ ಸುತ್ತ ಆದದ್ದು ಅದು. ಬಿಪನ್ ಚಂದ್ರ ಮತ್ತು ಸಂಗಡಿಗರು ಆ ಪದವನ್ನು ನಿಂದೆಯಾಗಿ ಬಳಸಿರಲಿಲ್ಲ. 1920ರ ದಶಕದಲ್ಲಿ ಕ್ರಾಂತಿಕಾರಿಗಳೇ ತಮ್ಮ ಒಂದು ಹಂತದ ಬಗ್ಗೆ ಹಾಗೆ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಜಗತ್ತು 2001ರ ಸೆಪ್ಟೆಂಬರ್ ದಾಟಿ ಬಂದಿತ್ತು, ಮುಂಬೈ ದಾಟಿ ಬಂದಿತ್ತು. ಪದದ ಮೇಲೆ ಬೇರೆ ರಕ್ತ ಬಿದ್ದಿತ್ತು. ಓದುಗರಿಗೆ ನೋವಾದದ್ದು ಸಹಜ, ಬರೆದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದೂ ನಿಜ.

ಭಗತ್ ಸಿಂಗ್ ತಾವೇ 1931ರ ಫೆಬ್ರವರಿಯಲ್ಲಿ ಯುವ ಕಾರ್ಯಕರ್ತರಿಗೆ ಬರೆಯುತ್ತಾ, ಮೇಲ್ನೋಟಕ್ಕೆ ತಾನು ಭಯೋತ್ಪಾದಕನಂತೆ ನಡೆದುಕೊಂಡಿರಬಹುದು, ಆದರೆ ತಾನು ಕ್ರಾಂತಿಕಾರಿ ಎಂಬ ಅರ್ಥದ ಮಾತು ಹೇಳಿದ್ದಾರೆ. 1929ರಲ್ಲಿ ಅಸೆಂಬ್ಲಿಯಲ್ಲಿ ಎಸೆದ ಬಾಂಬುಗಳನ್ನು ಯಾರೂ ಸಾಯದಂತೆ ಎಸೆದರು, ಓಡಿಹೋಗದೆ ನಿಂತು ಸಿಕ್ಕಿಬಿದ್ದರು. ಪೊಲೀಸ್ ಅಧಿಕಾರಿ ಸ್ಕಾಟ್ ಎಂದುಕೊಂಡು ಇನ್ನೊಬ್ಬ ಅಧಿಕಾರಿ ಸಾಂಡರ್ಸ್‌ನನ್ನು ಕೊಂದದ್ದೂ ಅವರ ಕಥೆಯ ಭಾಗವೇ. ಆ ಎರಡನ್ನೂ ಓದಿದ ಮೇಲೆ ಹೆಸರು ಕೊಡಿ.

ಬೇರೆ ದೇಶಗಳಲ್ಲಿ ಹೆಸರು ಬದಲಾದ ಉದಾಹರಣೆ ಕೊಡಿ.

ನೇಪಾಳದ್ದು ನಮಗೆ ಹತ್ತಿರ. ಅಲ್ಲಿನ ಮಾವೋವಾದಿಗಳು 1996ರಲ್ಲಿ ಬಂದೂಕು ಹಿಡಿದರು. 2001ರಲ್ಲಿ ಸರ್ಕಾರ ಅವರನ್ನು ಭಯೋತ್ಪಾದಕರೆಂದು ಘೋಷಿಸಿತು, ಮಾತುಕತೆಗೆಂದು 2003ರಲ್ಲಿ ಆ ಹಣೆಪಟ್ಟಿ ತೆಗೆಯಿತು, ಮಾತು ಮುರಿದಾಗ ಮತ್ತೆ ಅಂಟಿಸಿತು. 2006ರಲ್ಲಿ ಶಾಂತಿ ಒಪ್ಪಂದ, 2008ರಲ್ಲಿ ಪ್ರಚಂಡ ಪ್ರಧಾನಿ. ಅಮೆರಿಕ ಆ ಪಕ್ಷವನ್ನು ತನ್ನ ಪಟ್ಟಿಯಿಂದ ತೆಗೆದದ್ದು 2012ರಲ್ಲಿ. ನೆಲ್ಸನ್ ಮಂಡೇಲಾ 1993ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರೂ 2008ರವರೆಗೆ ಅಮೆರಿಕದ ನಿಗಾ ಪಟ್ಟಿಯಲ್ಲೇ ಇದ್ದರು. 1971ರಲ್ಲಿ ಮುಕ್ತಿವಾಹಿನಿಯವರು ಭಾರತಕ್ಕೆ ವಿಮೋಚನಾ ಯೋಧರು, ಪಾಕಿಸ್ತಾನಕ್ಕೆ ದುಷ್ಕರ್ಮಿಗಳು.

ನಮಗೆ ಎಲ್ಲಕ್ಕಿಂತ ಕಹಿಯಾದದ್ದು ಎಲ್‌ಟಿಟಿಇ, ಅಂದರೆ ಶ್ರೀಲಂಕಾದ ತಮಿಳು ಹುಲಿಗಳು. 1980ರ ದಶಕದಲ್ಲಿ ಶ್ರೀಲಂಕಾದ ತಮಿಳು ಸಂಘಟನೆಗಳಿಗೆ ತರಬೇತಿ ಕೊಟ್ಟದ್ದು ಭಾರತವೇ. 1987ರಲ್ಲಿ ಅದೇ ಹುಲಿಗಳ ವಿರುದ್ಧ ನಮ್ಮ ಶಾಂತಿಪಾಲನಾ ಪಡೆ ಹೋರಾಡಿತು. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು, 1992ರಲ್ಲಿ ನಿಷೇಧ ಬಂತು. ಹತ್ಯೆಯ ಸಂಚಿನ ಶಿವರಾಸನ್ ಕೊನೆಗೆ ಸತ್ತದ್ದು ಬೆಂಗಳೂರಿನ ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ. ಹತ್ತೇ ವರ್ಷದಲ್ಲಿ ನಮ್ಮ ಪದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು.

ವೀರಪ್ಪನ್ ಕೂಡ ಕೊನೆಕೊನೆಗೆ ಹೋರಾಟಗಾರನಂತೆ ಮಾತಾಡಿದನಲ್ಲ?

ಹೌದು. ಇದು ತಿರುಗುಮುರುಗು ಉದಾಹರಣೆ. ದಂತಚೋರ, ಗಂಧದ ಕಳ್ಳ ಎಂದು ಹೆಸರಾದವನು 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಮೇಲೆ ತಮಿಳು ಪ್ರತ್ಯೇಕತಾವಾದಿ ಗುಂಪುಗಳ ಜೊತೆ ಸೇರಿ ಕಾವೇರಿ, ತಮಿಳು ಭಾಷೆ ಎಂದು ಬೇಡಿಕೆಗಳ ಪಟ್ಟಿ ಇಟ್ಟ. ರಾಜಕೀಯ ಹೆಸರು ಸಿಕ್ಕರೆ ಕಳ್ಳತನ ಕಳೆಯುತ್ತದೆ ಎಂದು ಅವನಿಗೂ ಗೊತ್ತಿತ್ತು. ಸರ್ಕಾರ ಸಂಧಾನಕಾರರನ್ನು ಕಳಿಸಿತು, ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಸೆರೆಯಲ್ಲಿದ್ದವರ ಮೇಲಿನ ಮೊಕದ್ದಮೆ ಹಿಂತೆಗೆಯಲೂ ಹೊರಟಿತು. ಆಗ ವೀರಪ್ಪನ್ ತಂಡದಿಂದ ಹತರಾಗಿದ್ದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕೋರ್ಟು ಅದನ್ನು ತಡೆಯಿತು. ರಾಜ್ಯವೇ ಉಸಿರು ಬಿಗಿಹಿಡಿದು ಅಣ್ಣಾವ್ರು ಬರಲಿ ಎಂದು ಕಾಯುತ್ತಿದ್ದಾಗ, ತನ್ನ ಮಗನನ್ನು ಕೊಂದವರ ಹೆಸರು ಬದಲಾಗಬಾರದೆಂದು ನಿಂತ ಆ ತಂದೆಯ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಕಾನೂನಿನಲ್ಲಾದರೂ ಸ್ಪಷ್ಟ ವ್ಯಾಖ್ಯೆ ಇದೆಯಲ್ಲ?

ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ಇದೆ. ದೇಶದ ಏಕತೆ, ಸಮಗ್ರತೆ, ಭದ್ರತೆ, ಆರ್ಥಿಕ ಭದ್ರತೆ, ಸಾರ್ವಭೌಮತೆಗೆ ಬೆದರಿಕೆ ಒಡ್ಡುವ ಇಲ್ಲವೇ ಜನರಲ್ಲಿ ಭೀತಿ ಹುಟ್ಟಿಸುವ ಉದ್ದೇಶದಿಂದ ಬಾಂಬು, ಬಂದೂಕು ಮುಂತಾದವನ್ನು ಬಳಸುವುದು ಭಯೋತ್ಪಾದಕ ಕೃತ್ಯ. ಮೊದಲು ಸಂಘಟನೆಗಳನ್ನು ಮಾತ್ರ ಪಟ್ಟಿಗೆ ಸೇರಿಸಬಹುದಿತ್ತು. 2019ರ ತಿದ್ದುಪಡಿಯಾದ ಮೇಲೆ ವ್ಯಕ್ತಿಯನ್ನೂ ಸೇರಿಸಬಹುದು, ಅದಕ್ಕೆ ಕೋರ್ಟಿನಲ್ಲಿ ಅಪರಾಧ ಸಾಬೀತಾಗಿರಬೇಕು ಎಂದಿಲ್ಲ. ನನಗೆ ಇದು ಅಪಾಯವಾಗಿ ಕಾಣುತ್ತದೆ. ಕೊಲೆ ಆರೋಪಿಯನ್ನು ತೀರ್ಪಿಗೆ ಮೊದಲು ಕೊಲೆಗಾರ ಎನ್ನಬಾರದು ಎಂದು ನಾವೇ ಪತ್ರಿಕೋದ್ಯಮದ ಹುಡುಗರಿಗೆ ಕಲಿಸುತ್ತೇವೆ.

ವಿಶ್ವಸಂಸ್ಥೆಯಲ್ಲಿ ಎಲ್ಲರೂ ಒಪ್ಪಿದ ವ್ಯಾಖ್ಯೆ ಇವತ್ತಿಗೂ ಇಲ್ಲ. ಸಮಗ್ರ ಒಪ್ಪಂದವೊಂದರ ಕರಡನ್ನು ಭಾರತ 1996ರಲ್ಲೇ ಮುಂದಿಟ್ಟಿತು. ಪರಕೀಯ ಆಕ್ರಮಣದ ವಿರುದ್ಧ ಹೋರಾಡುವವರನ್ನು ಹೊರಗಿಡಬೇಕೆಂದು ಕೆಲವು ದೇಶಗಳು, ಸೈನ್ಯಗಳ ಕೆಲಸವನ್ನು ಒಳಗೆ ತರಬಾರದೆಂದು ಕೆಲವು ದೇಶಗಳು. ಅಲ್ಲೇ ನಿಂತಿದೆ.

ಪತ್ರಿಕೆ, ಟಿವಿಯವರ ಪದಗಳನ್ನು ನಂಬಬಹುದೇ?

ಪದ ನೋಡಿದರೆ ಸುದ್ದಿ ಯಾರ ಬಾಯಿಂದ ಬಂತು ಎಂದು ತಿಳಿಯುತ್ತದೆ. ‘ಎನ್‌ಕೌಂಟರ್‌ನಲ್ಲಿ ನಕ್ಸಲ್ ಫಿನಿಶ್’ ಎಂದರೆ ಪೊಲೀಸ್ ಪ್ರಕಟಣೆ. ‘ಹತ್ಯೆ’ ಎಂದರೆ ಹಕ್ಕುಗಳ ಸಂಘಟನೆಯ ಹೇಳಿಕೆ. 2024ರ ನವೆಂಬರಿನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ಮಾವೋವಾದಿ ನಾಯಕ ವಿಕ್ರಂ ಗೌಡ ಸತ್ತಾಗ ಎರಡೂ ಪದಗಳು ಒಂದೇ ದಿನದ ಪತ್ರಿಕೆಗಳಲ್ಲಿ ಕಂಡವು. ಬಿಬಿಸಿಯಂಥ ಸಂಸ್ಥೆಗಳು ‘ಭಯೋತ್ಪಾದಕ’ ಪದವನ್ನು ಬೇರೆಯವರ ಹೇಳಿಕೆಯಾಗಿ ಮಾತ್ರ ಬಳಸುವ ನಿಯಮ ಇಟ್ಟುಕೊಂಡಿವೆ. 2023ರ ಅಕ್ಟೋಬರಿನಲ್ಲಿ ಹಮಾಸ್ ದಾಳಿಯ ವರದಿಗೆ ಅದೇ ನಿಯಮ ಅನ್ವಯಿಸಿ ಬಿಬಿಸಿ ತೀವ್ರ ಟೀಕೆ ಎದುರಿಸಿತು. ನನ್ನ ಮಟ್ಟಿಗೆ, ‘ಬಂದೂಕುಧಾರಿಗಳು ಮನೆಗೆ ನುಗ್ಗಿ ನಿರಾಯುಧರನ್ನು ಕೊಂದರು’ ಎಂದು ಬರೆದರೆ ಯಾವ ವಿಶೇಷಣವೂ ಬೇಕಾಗುವುದಿಲ್ಲ.

‘ಬಂಡಾಯ’ ಒಳ್ಳೆಯ ಪದವೋ ಕೆಟ್ಟದ್ದೋ?

ಕನ್ನಡದಲ್ಲಿ ಒಳ್ಳೆಯದೇ. 1979ರಿಂದ ಬಂಡಾಯ ಸಾಹಿತ್ಯ, 1980ರಲ್ಲಿ ನರಗುಂದ ನವಲಗುಂದದ ರೈತ ಬಂಡಾಯ, ಚುನಾವಣೆ ಬಂದರೆ ಪ್ರತಿ ಜಿಲ್ಲೆಯಲ್ಲೂ ಬಂಡಾಯ ಅಭ್ಯರ್ಥಿ. ಬಂದೂಕು ಹಿಡಿದವರ ಬಗ್ಗೆ ಪಕ್ಷ ವಹಿಸದೆ ಬರೆಯಬೇಕಾದಾಗ ನಾನು ‘ಸಶಸ್ತ್ರ ಬಂಡಾಯಗಾರರು’ ಎನ್ನುತ್ತೇನೆ.

ಶರಣಾದ ಮೇಲೆ ಅವರನ್ನು ಏನೆನ್ನಬೇಕು?

2025ರ ಜನವರಿ 8ರಂದು ಆರು ಜನ ಮಾವೋವಾದಿಗಳು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಬಂದಾಗ ಸರ್ಕಾರಿ ಕಡತದಲ್ಲಿ ಅದು ‘ಶರಣಾಗತಿ’, ಸಂಧಾನ ಮಾಡಿಸಿದವರ ಮಾತಿನಲ್ಲಿ ‘ಮುಖ್ಯವಾಹಿನಿಗೆ ಬರುವುದು’. ಎರಡನೆಯ ಪದ ಸಿಗದಿದ್ದರೆ ಬಹುಶಃ ಅವರು ಕಾಡಿನಿಂದ ಇಳಿಯುತ್ತಿರಲಿಲ್ಲ. ಒಳ್ಳೆಯ ಪದ ಜೀವ ಉಳಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಅವರ ಮೇಲಿನ ಮೊಕದ್ದಮೆಗಳನ್ನು ಕೋರ್ಟು ನೋಡಿಕೊಳ್ಳುತ್ತದೆ. ಸಂಸಾರ ಹೂಡಿ ಬದುಕಲು ಹೊರಟವರನ್ನು ಊರಿನವರು ಅವರವರ ಹೆಸರು ಹಿಡಿದು ಕರೆದರೆ ಆಯಿತು.

ನಮ್ಮ ತಾಲ್ಲೂಕಿನ ಹಿರಿಯರನ್ನು ಮಾತಾಡಿಸಿ ಪ್ರಾಜೆಕ್ಟ್ ಬರೆಯಬೇಕೆಂದಿದ್ದೇನೆ. ಯಾವ ಪದ ಬಳಸಲಿ?

ಅವರು ಹೇಳಿದ ಪದವನ್ನೇ ಉದ್ಧರಣೆಯೊಳಗೆ ಬರೆದುಕೊಳ್ಳಿ, ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ. ನೀವು ತಿದ್ದಬೇಡಿ. ಯಾವ ವರ್ಷದ ಮಾತು, ಹೇಳುವಾಗ ಅಲ್ಲಿ ಬೇರೆ ಯಾರಿದ್ದರು ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿ. ಒಬ್ಬರೇ ಇದ್ದಾಗ ಹೇಳುವ ಪದ, ಪಂಚಾಯಿತಿ ಕಟ್ಟೆಯ ಮೇಲೆ ಹೇಳುವ ಪದ ಬೇರೆಯಾಗಿರುತ್ತವೆ. ನಿಮ್ಮ ಸ್ವಂತ ವಾಕ್ಯಗಳಲ್ಲಿ ನಡೆದದ್ದನ್ನು ಬರೆಯಿರಿ: ಯಾರು ಬಂದರು, ಯಾರ ಕೈಯಲ್ಲಿ ಏನಿತ್ತು, ಯಾರು ಸತ್ತರು. ವಿದುರಾಶ್ವತ್ಥದ ಬಗ್ಗೆ ಆದರೆ ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಕೇಳಿ ಹಾಕಿ. ಪಾವಗಡದ 2005ರ ಬಗ್ಗೆ ಆದರೆ ಹೆಸರು, ಮನೆ, ಬೀದಿ ಯಾವುದನ್ನೂ ಹಾಕಬೇಡಿ, ಅವರೇ ಹಾಕಿ ಎಂದರೂ ಬೇಡ. ಸತ್ತ ಪೊಲೀಸರ ಮನೆಯವರು ಮಾತಾಡಲು ಒಪ್ಪಿದರೆ ಅವರ ಹತ್ತಿರವೂ ಹೋಗಿ, ಗಡಿಬಿಡಿ ಮಾಡದೆ ಕೂತು ಕೇಳಿ.